ಬಾರ್ ಎಕ್ಸಾಮ್ ಇಲ್ಲದ ನಾಡಿನಲ್ಲಿ ಲಾಯರ್ ಆಗುವುದು

ಈ ಸಲದ ಮಾತು ಮೂರು ಗುಂಪಿನವರಿಗೆ. ಕಾನೂನು ಓದಬೇಕು ಅಂದುಕೊಂಡಿರುವವರಿಗೆ, ಈಗಾಗಲೇ ಓದುತ್ತಿರುವವರಿಗೆ, ಮತ್ತು "ಮೆಡಿಕಲ್ಲೋ ಇಂಜಿನಿಯರಿಂಗೋ ಬಿಟ್ಟು ಇದ್ಯಾಕೆ?" ಅಂತ ಮನೆಯಲ್ಲಿ ದಿನಾ ಕೇಳಿಸಿಕೊಳ್ಳುತ್ತಿರುವವರಿಗೆ.

ಆಕ್ಲೆಂಡಿನಲ್ಲೋ ಡನೀಡಿನ್‌ನಲ್ಲೋ ಲಾ ಓದುವ ನಮ್ಮ ಮಕ್ಕಳು ರಜೆಗೆ ಊರಿಗೆ ಹೋದಾಗ ಅಜ್ಜ, ದೊಡ್ಡಪ್ಪ, ಸೋದರಮಾವ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಬಾರ್ ಎಕ್ಸಾಮ್ ಯಾವಾಗ?" ಉತ್ತರ ಕೇಳಿದರೆ ಅವರಿಗೆ ಆಶ್ಚರ್ಯ. ನ್ಯೂಜಿಲೆಂಡಿನಲ್ಲೇ ಓದಿದವರಿಗೆ ಆ ಹೆಸರಿನ ಪರೀಕ್ಷೆಯೇ ಇಲ್ಲ. ಹಾಗಂತ ದಾರಿ ಸಲೀಸು ಎಂದಲ್ಲ. ಅಲ್ಲಿ ಒಂದು ದೊಡ್ಡ ಬಾಗಿಲು ಇದ್ದರೆ ಇಲ್ಲಿ ನಾಲ್ಕೈದು ಸಣ್ಣ ಬಾಗಿಲುಗಳಿವೆ. ಅವುಗಳಲ್ಲಿ ಒಂದು ನಿಮ್ಮ ಅಂಕಗಳನ್ನು ಕೇಳುವುದಿಲ್ಲ, ನಿಮ್ಮ ನಡತೆಯನ್ನು ಕೇಳುತ್ತದೆ.

ಊರಿನ ಲೆಕ್ಕ

ಮೊದಲು ಊರಿನ ಪದ್ಧತಿ ತಿಳಿದುಕೊಳ್ಳೋಣ, ಆಗ ಅಜ್ಜನ ಪ್ರಶ್ನೆ ಅರ್ಥವಾಗುತ್ತದೆ. ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ಐದು ವರ್ಷ, ಇಲ್ಲವೇ ಒಂದು ಪದವಿ ಮುಗಿಸಿ ಮೂರು ವರ್ಷ ಕಾನೂನು ಓದಬೇಕು. ಆಮೇಲೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಇದನ್ನೇ ಹಿರಿಯರು "ಸನ್ನದು ತಗೊಂಡ" ಎನ್ನುವುದು. ಹಿಂದೆ ಅಷ್ಟಾದರೆ ಸಾಕಿತ್ತು. 2009-10ರ ಶೈಕ್ಷಣಿಕ ವರ್ಷದಿಂದ ಪದವಿ ಪಡೆದವರಿಗೆ ಅಖಿಲ ಭಾರತ ಬಾರ್ ಪರೀಕ್ಷೆ ಕಡ್ಡಾಯವಾಯಿತು. ಮೊದಲ ಪರೀಕ್ಷೆ ನಡೆದದ್ದು 2011ರಲ್ಲಿ. ನೂರು ಪ್ರಶ್ನೆ, ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸಬೇಕು. ಇಂಥ ಪರೀಕ್ಷೆ ನಡೆಸುವ ಅಧಿಕಾರ ಭಾರತೀಯ ವಕೀಲರ ಪರಿಷತ್ತಿಗೆ ಇದೆಯೇ ಎಂಬ ವಾದ ವರ್ಷಗಟ್ಟಲೆ ನಡೆದು, 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದೆ ಎಂದು ತೀರ್ಪು ಕೊಟ್ಟಿತು.

ಪರೀಕ್ಷೆ ಮುಗಿದ ಮೇಲೆ ಅಲ್ಲಿನ ಹುಡುಗರ ನಿಜವಾದ ಶಾಲೆ ಯಾರಾದರೂ ಸೀನಿಯರ್ ವಕೀಲರ ಕಚೇರಿ. ಫೈಲು ಹೊರುವುದು, ಮುಂದಿನ ತಾರೀಖು ಬರೆದುಕೊಳ್ಳುವುದು, ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾಗ ಎದ್ದು ನಿಂತು ಸಮಯ ಕೇಳುವುದು, ಇಲ್ಲಿಂದ ಕಲಿಕೆ ಶುರು. ನ್ಯೂಜಿಲೆಂಡಿನಲ್ಲಿ ಈ ಕಲಿಕೆಯ ಒಂದು ಭಾಗವನ್ನು ಕೋರ್ಸಿನ ಒಳಗೇ ತಂದಿದ್ದಾರೆ.

ಇಲ್ಲಿನ ಮೆಟ್ಟಿಲುಗಳು

ಮೊದಲನೆಯದು ಪದವಿ. ಆಕ್ಲೆಂಡ್, ಎಯುಟಿ, ವೈಕಾಟೊ, ವೆಲಿಂಗ್ಟನ್ನಿನ ವಿಕ್ಟೋರಿಯಾ, ಕ್ಯಾಂಟರ್ಬರಿ, ಒಟಾಗೊ, ಈ ಆರು ವಿಶ್ವವಿದ್ಯಾಲಯಗಳಲ್ಲಿ ಎಲ್‌ಎಲ್‌ಬಿ ಇದೆ. ನಾಲ್ಕು ವರ್ಷದ ಓದು, ಜೊತೆಗೆ ಇನ್ನೊಂದು ಪದವಿ ಸೇರಿಸಿಕೊಂಡರೆ ಇನ್ನೂ ಹೆಚ್ಚು. ಹಲವು ಕಡೆ ಮೊದಲ ವರ್ಷಕ್ಕೆ ಸೇರುವುದು ಸುಲಭ, ಎರಡನೆಯ ವರ್ಷಕ್ಕೆ ಹೋಗುವುದು ಕಷ್ಟ. ಮೊದಲ ವರ್ಷದ ಅಂಕ ನೋಡಿ ಸೀಟು ಕೊಡುತ್ತಾರೆ. ಬಾರ್ ಪರೀಕ್ಷೆಯ ಹೆದರಿಕೆಯನ್ನು ಇಲ್ಲಿನ ಮಕ್ಕಳು ಅನುಭವಿಸುವುದು ಹದಿನೆಂಟನೆಯ ವಯಸ್ಸಿನಲ್ಲೇ, ಎಂದರೂ ತಪ್ಪಿಲ್ಲ. ಕರಾರು, ಅಪರಾಧ, ಆಸ್ತಿ, ಸಾರ್ವಜನಿಕ ಕಾನೂನು ಮುಂತಾದ ವಿಷಯಗಳು ಕಡ್ಡಾಯ. ವಕೀಲರ ವೃತ್ತಿನೀತಿಯ ಪಾಠ ಓದದೆ ಯಾರೂ ಲಾಯರ್ ಆಗುವಂತಿಲ್ಲ.

ಎರಡನೆಯದು "ಪ್ರೊಫ್ಸ್". ಪ್ರೊಫೆಷನಲ್ ಲೀಗಲ್ ಸ್ಟಡೀಸ್ ಕೋರ್ಸ್ ಎಂಬ ಉದ್ದ ಹೆಸರನ್ನು ಎಲ್ಲರೂ ಹೀಗೆ ತುಂಡು ಮಾಡಿ ಕರೆಯುತ್ತಾರೆ. ಕಾಲೇಜ್ ಆಫ್ ಲಾ ಮತ್ತು ಐಪಿಎಲ್‌ಎಸ್ ಎಂಬ ಎರಡು ಸಂಸ್ಥೆಗಳು ಇದನ್ನು ನಡೆಸುತ್ತವೆ. ಕೆಲವು ತಿಂಗಳ ಕೋರ್ಸು. ಕಕ್ಷಿದಾರರ ಮಾತು ಕೇಳುವುದು ಹೇಗೆ, ಪತ್ರ ಬರೆಯುವುದು ಹೇಗೆ, ಎದುರು ಪಕ್ಷದವರ ಜೊತೆ ರಾಜಿ ಮಾತು ಆಡುವುದು ಹೇಗೆ, ನ್ಯಾಯಾಧೀಶರ ಮುಂದೆ ನಿಲ್ಲುವುದು ಹೇಗೆ, ಕಕ್ಷಿದಾರರ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಟ್ಟು ಲೆಕ್ಕ ಕೊಡುವುದು ಹೇಗೆ, ಇದೆಲ್ಲ ಇಲ್ಲಿ ಕೈಯಾರೆ ಮಾಡಿ ತೋರಿಸಬೇಕು. ಊರಿನ ಸೀನಿಯರ್ ಕಚೇರಿಯ ಪಾಠವನ್ನು ಅಚ್ಚುಕಟ್ಟಾಗಿ ಕಟ್ಟಿಕೊಟ್ಟಂತೆ.

ಮೂರನೆಯದು ನಡತೆಯ ಪ್ರಮಾಣಪತ್ರ. ಅದರ ಬಗ್ಗೆ ಮುಂದೆ ಬಿಡಿಸಿ ಹೇಳುತ್ತೇನೆ.

ನಾಲ್ಕನೆಯದು ಹೈಕೋರ್ಟಿನಲ್ಲಿ ಪ್ರವೇಶ. ಆ ದಿನ ಒಬ್ಬ ಹಿರಿಯ ವಕೀಲರು ನಿಮ್ಮ ಪರವಾಗಿ ಎದ್ದು ನಿಂತು, ಇವರನ್ನು ಸೇರಿಸಿಕೊಳ್ಳಬೇಕು ಎಂದು ನ್ಯಾಯಾಧೀಶರನ್ನು ಕೋರುತ್ತಾರೆ. ನೀವು ಪ್ರಮಾಣ ಮಾಡಿ ರೋಲ್ ಎಂಬ ಪಟ್ಟಿಗೆ ಸಹಿ ಹಾಕುತ್ತೀರಿ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ದೇವರನ್ನು ತರದೆ ದೃಢೀಕರಣವನ್ನೂ ಮಾಡಬಹುದು. ಅದರ ಸಾರ ಇಷ್ಟೇ: ನನಗೆ ತಿಳಿದ ಮಟ್ಟಿಗೆ, ನನ್ನ ಶಕ್ತಿ ಇರುವ ಮಟ್ಟಿಗೆ, ಈ ವೃತ್ತಿಯಲ್ಲಿ ಸತ್ಯವಾಗಿ, ಪ್ರಾಮಾಣಿಕವಾಗಿ ನಡೆದುಕೊಳ್ಳುತ್ತೇನೆ. ಅಮ್ಮ ಅಪ್ಪ, ಅಣ್ಣ ತಂಗಿಯರು ಹಿಂದೆ ಕೂತು ನೋಡಬಹುದು. ಊರಿನಿಂದ ಅಜ್ಜಿ ಬರುವುದಿದ್ದರೆ ಪದವಿ ಪ್ರದಾನಕ್ಕಿಂತ ಈ ದಿನಕ್ಕೆ ಟಿಕೆಟ್ ಮಾಡಿಸಿ ಎಂದು ನನ್ನ ಸಲಹೆ.

ಸಹಿ ಹಾಕಿದ ಕೂಡಲೇ ನೀವು ಬ್ಯಾರಿಸ್ಟರೂ ಹೌದು, ಸಾಲಿಸಿಟರೂ ಹೌದು. ಇಲ್ಲಿ ಎರಡೂ ಒಂದೇ ಪಟ್ಟಿ. ಆದರೆ "ಲಾಯರ್" ಎಂದು ಕರೆದುಕೊಳ್ಳಲು ಇನ್ನೊಂದು ಮೆಟ್ಟಿಲಿದೆ. ಅದು ಲಾ ಸೊಸೈಟಿ ಕೊಡುವ, ಪ್ರತಿವರ್ಷ ನವೀಕರಿಸಬೇಕಾದ ಪ್ರಾಕ್ಟೀಸಿಂಗ್ ಸರ್ಟಿಫಿಕೇಟ್. 2006ರ ಲಾಯರ್ಸ್ ಅಂಡ್ ಕನ್ವೇಯನ್ಸರ್ಸ್ ಆಕ್ಟ್ ಪ್ರಕಾರ ಅದು ಕೈಯಲ್ಲಿ ಇಲ್ಲದವರು ತಾವು ಲಾಯರ್ ಎಂದು ಹೇಳಿಕೊಂಡರೆ ಅಪರಾಧ. ಲಿಂಕ್ಡ್‌ಇನ್ ಪುಟ ತಿದ್ದುವ ಮೊದಲು ಇದು ನೆನಪಿರಲಿ.

ಊರಿನಲ್ಲಿ ಓದಿ ಬಂದವರಿಗೆ

ನಿಮ್ಮ ಮನೆಗೆ ಅತ್ತಿಗೆಯಾಗಿ ಬಂದವರೋ, ಕೆಲಸ ಹುಡುಕಿಕೊಂಡು ಬಂದ ಕಸಿನ್ನೋ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕಾನೂನು ಓದಿರಬಹುದು. ಬಾರ್ ಎಕ್ಸಾಮಿಗೆ ಹತ್ತಿರವಾದದ್ದು ಇಲ್ಲಿ ಇರುವುದು ಅಂಥವರಿಗೇ. ಮೊದಲು ಅವರು ತಮ್ಮ ಪದವಿಯನ್ನು ನ್ಯೂಜಿಲೆಂಡ್ ಕೌನ್ಸಿಲ್ ಆಫ್ ಲೀಗಲ್ ಎಜುಕೇಷನ್ ಮುಂದೆ ಇಡಬೇಕು. ಯಾರು ಏನು ಓದಬೇಕು, ಯಾವ ಪರೀಕ್ಷೆ ಬರೆಯಬೇಕು ಎಂದು ಅವರವರ ಓದು, ಅನುಭವ ನೋಡಿ ಅದು ಹೇಳುತ್ತದೆ. ಆ ಪರೀಕ್ಷೆಯ ಹೆಸರು ನ್ಯೂಜಿಲೆಂಡ್ ಲಾ ಅಂಡ್ ಪ್ರಾಕ್ಟೀಸ್ ಎಕ್ಸಾಮಿನೇಷನ್. ಭಾರತವೂ ಇಂಗ್ಲಿಷ್ ಕಾಮನ್ ಲಾ ಬೇರಿನದೇ ಆದ್ದರಿಂದ ಕರಾರು, ಪರಿಹಾರದ ತತ್ವಗಳು ಅವರಿಗೆ ಪರಿಚಿತ. ಹೊಸದಾಗಿ ಕಲಿಯಬೇಕಾದದ್ದು ಈ ನೆಲದ್ದು: ಒಂದೇ ಗ್ರಂಥವಾಗಿ ಬರೆದಿಡದ ಸಂವಿಧಾನ, 1840ರ ವೈಟಾಂಗಿ ಒಪ್ಪಂದ, ಇಲ್ಲಿನ ಭೂಮಿಯ ನೋಂದಣಿ.

ಅಲ್ಲಿ ಹತ್ತು ವರ್ಷ ವಕೀಲಿ ಮಾಡಿದವರು ಇಲ್ಲಿ ಪುಸ್ತಕ ಹಿಡಿದು ಮತ್ತೆ ವಿದ್ಯಾರ್ಥಿಯಾಗುವುದು ಸಣ್ಣ ಮಾತಲ್ಲ. ಅಂಥವರು ನಿಮ್ಮ ಮನೆಯಲ್ಲಿದ್ದರೆ ನಿಮ್ಮ ನೋಟ್ಸ್ ಕೊಡಿ. ಅವರಿಂದ ಕೋರ್ಟಿನ ಅನುಭವ ಕೇಳಿ ತಿಳಿದುಕೊಳ್ಳಿ. ಇಬ್ಬರಿಗೂ ಲಾಭ.

ನಡತೆಯ ಬಾಗಿಲು

ಈಗ ಮೂರನೆಯ ಮೆಟ್ಟಿಲಿಗೆ ಬರೋಣ. ಅಂಕ ಎಷ್ಟೇ ಇರಲಿ, ನೀವು "ಯೋಗ್ಯ ವ್ಯಕ್ತಿ" ಎಂದು ಲಾ ಸೊಸೈಟಿಗೆ ಮನವರಿಕೆ ಆಗಬೇಕು. ಅರ್ಜಿಯಲ್ಲಿ ಶಿಕ್ಷೆಗಳ ಬಗ್ಗೆ ಕೇಳುತ್ತಾರೆ, ವಿಶ್ವವಿದ್ಯಾಲಯದಲ್ಲಿ ನಕಲು ಮಾಡಿ ಸಿಕ್ಕಿಬಿದ್ದದ್ದಿದ್ದರೆ ಅದನ್ನೂ ಹೇಳಬೇಕು.

ಇಲ್ಲಿ ನಮ್ಮ ಮನೆಗಳ ಒಂದು ಅಭ್ಯಾಸ ಅಡ್ಡ ಬರುತ್ತದೆ. ಹತ್ತೊಂಬತ್ತರ ಹುಡುಗ ಪಾರ್ಟಿಯಿಂದ ಕುಡಿದು ಕಾರು ಓಡಿಸಿ ಪೊಲೀಸರ ಕೈಗೆ ಸಿಕ್ಕಿದ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಮೊದಲು ಬರುವ ಮಾತು "ಯಾರಿಗೂ ಹೇಳಬೇಡ, ಮರ್ಯಾದೆ ಪ್ರಶ್ನೆ." ನೆಂಟರಿಗೆ ಹೇಳದಿರುವುದು ನಿಮ್ಮ ಇಷ್ಟ. ಆದರೆ ಲಾ ಸೊಸೈಟಿಯ ಅರ್ಜಿಯಲ್ಲಿ ಮುಚ್ಚಿಟ್ಟರೆ ಆಗುವ ಹಾನಿ ಮೂಲ ತಪ್ಪಿಗಿಂತ ದೊಡ್ಡದು. ಅವರು ನೋಡುವುದು ಮುಂದಕ್ಕೆ. ಈ ವ್ಯಕ್ತಿಯನ್ನು ಇನ್ನು ಮೇಲೆ ನಂಬಬಹುದೇ? ಇದು ಹಿಂದಿನದಕ್ಕೆ ಮತ್ತೊಮ್ಮೆ ಶಿಕ್ಷೆ ಕೊಡುವ ಪರೀಕ್ಷೆ ಅಲ್ಲ, ಮುಂದೆ ನೋಡುವ ಪರೀಕ್ಷೆ ಎಂಬ ತತ್ವವನ್ನು 2020ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟೂ ಸ್ಪಷ್ಟಪಡಿಸಿದೆ. ಹಳೆಯ ತಪ್ಪನ್ನು ಒಪ್ಪಿಕೊಂಡು, ಆಮೇಲೆ ಏನು ಬದಲಾಯಿತು ಎಂದು ತೋರಿಸಿದವರಿಗೆ ದಾರಿ ಇದೆ. ಮುಚ್ಚಿಟ್ಟವರು ಪ್ರಮಾಣ ಮಾಡುವ ಮೊದಲೇ ಪ್ರಮಾಣ ಮುರಿದಂತೆ.

ಎಐ ಕೈಯಲ್ಲಿ ಅಸೈನ್‌ಮೆಂಟ್ ಬರೆಸುವ ಆಸೆ ಹುಟ್ಟಿದಾಗಲೂ ಇದೇ ಮಾತು. ಉಳಿದ ಕೋರ್ಸುಗಳಲ್ಲಿ ಅಂಥ ತಪ್ಪು ಒಂದು ಪೇಪರಿನ ಅಂಕಕ್ಕೆ ಕುತ್ತು. ನಿಮಗೆ ಅದು ವೃತ್ತಿಗೇ ಕುತ್ತು ತರಬಹುದು.

ಮೊದಲ ಕೆಲಸ

ದೊಡ್ಡ ಫರ್ಮುಗಳು ಓದು ಮುಗಿಯುವ ಮೊದಲೇ ಬೇಸಿಗೆ ರಜೆಯಲ್ಲಿ ಸಮ್ಮರ್ ಕ್ಲರ್ಕ್ ಆಗಿ ಕರೆಯುತ್ತವೆ, ಅಲ್ಲಿಂದ ಹಲವರಿಗೆ ಕೆಲಸ ಸಿಗುತ್ತದೆ. ಗೆಳೆಯರಿಗೆಲ್ಲ ಸಿಕ್ಕಿ ನಿಮಗೆ ಸಿಗದಿದ್ದರೆ ಕಥೆ ಮುಗಿಯಿತು ಅನ್ನಿಸುತ್ತದೆ. ಮುಗಿದಿಲ್ಲ. ಸಣ್ಣ ಊರಿನ ಕಚೇರಿಗಳು, ಸರ್ಕಾರದ ಇಲಾಖೆಗಳು, ಪ್ರಾಸಿಕ್ಯೂಷನ್, ಕಂಪನಿಗಳ ಒಳಗಿನ ಕಾನೂನು ವಿಭಾಗ, ದೇಶದ 24 ಕಮ್ಯುನಿಟಿ ಲಾ ಕೇಂದ್ರಗಳು, ಎಲ್ಲ ಕಡೆ ಲಾಯರುಗಳು ಬೇಕು. ಆಸ್ಟ್ರೇಲಿಯಾದ ಜೊತೆ ಪರಸ್ಪರ ಮಾನ್ಯತೆಯ ವ್ಯವಸ್ಥೆ ಇರುವುದರಿಂದ ಇಲ್ಲಿನ ಸನ್ನದು ಸಮುದ್ರದ ಆಚೆಯೂ ಉಪಯೋಗಕ್ಕೆ ಬರುತ್ತದೆ. ಸ್ವಂತ ಬೋರ್ಡು ಹಾಕಲು ಮಾತ್ರ ಕಾಯಬೇಕು. ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಮೂರು ವರ್ಷವಾದರೂ ಇಲ್ಲಿನ ಅನುಭವ ಇರಬೇಕು, ಜೊತೆಗೆ ಸ್ಟೆಪ್ಪಿಂಗ್ ಅಪ್ ಎಂಬ ಕೋರ್ಸು.

ಮೊದಲ ವರ್ಷಗಳು ಕಷ್ಟದವು ಎಂಬುದನ್ನು ಮುಚ್ಚಿಡುವುದಿಲ್ಲ. 2018ರಲ್ಲಿ ಲಾ ಸೊಸೈಟಿಯೇ ನಡೆಸಿದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಾಯರುಗಳು ತಮ್ಮ ವೃತ್ತಿಜೀವನದಲ್ಲಿ ಒಮ್ಮೆಯಾದರೂ ದಬ್ಬಾಳಿಕೆ ಅನುಭವಿಸಿದ್ದಾಗಿ ಹೇಳಿದರು. ಮೂವರಲ್ಲಿ ಒಬ್ಬರಿಗೆ ಹತ್ತಿರದಷ್ಟು ಮಹಿಳೆಯರು ಲೈಂಗಿಕ ಕಿರುಕುಳದ ಬಗ್ಗೆ ಹೇಳಿದರು. ಅದಾದ ಮೇಲೆ 2021ರ ಜುಲೈನಿಂದ ನಡತೆಯ ನಿಯಮಗಳು ಬಿಗಿಯಾದವು. ಇಂಥದ್ದನ್ನು ವರದಿ ಮಾಡುವ ಹೊಣೆ ಈಗ ಕಚೇರಿಗಳ ಮೇಲೆಯೂ ಇದೆ. "ಹೊಸದರಲ್ಲಿ ಎಲ್ಲ ಸಹಿಸಿಕೊಳ್ಳಬೇಕಮ್ಮಾ" ಎಂದು ಮನೆಯವರು ಪ್ರೀತಿಯಿಂದಲೇ ಹೇಳಬಹುದು. ಹೆಚ್ಚು ಹೊತ್ತು ದುಡಿಯುವುದು ಬೇರೆ, ಅವಮಾನ ಸಹಿಸುವುದು ಬೇರೆ. ಈ ವ್ಯತ್ಯಾಸವನ್ನು ಮನೆಯವರಿಗೂ ತಿಳಿಸಿ ಹೇಳಿ.

ನಮ್ಮವರ ನಡುವೆ ಲಾಯರ್

ನೀವು ಲಾ ಸೇರಿದ ವಾರದಲ್ಲೇ ಕನ್ನಡ ಕೂಟದ ಊಟದ ಸಾಲಿನಲ್ಲಿ ಒಬ್ಬ ಅಂಕಲ್ ನಿಮ್ಮ ಹತ್ತಿರ ಬರುತ್ತಾರೆ. "ಪುಟ್ಟಾ, ನಮ್ಮ ಭಾವಮೈದುನನ ವೀಸಾ ಒಂದು ತೊಂದರೆ ಆಗಿದೆ..." ಏನು ಮಾಡುತ್ತೀರಿ?

2007ರ ಇಮಿಗ್ರೇಷನ್ ಅಡ್ವೈಸರ್ಸ್ ಲೈಸೆನ್ಸಿಂಗ್ ಆಕ್ಟ್ ಪ್ರಕಾರ ವಲಸೆಯ ಬಗ್ಗೆ ಸಲಹೆ ಕೊಡಲು ಪರವಾನಗಿ ಬೇಕು. ಲಾಯರುಗಳಿಗೆ ಅದರಿಂದ ವಿನಾಯಿತಿ ಇದೆ, ಆದರೆ ವಿದ್ಯಾರ್ಥಿ ಲಾಯರ್ ಅಲ್ಲ. ಮನೆಯವರೊಳಗೆ, ಹಣ ಪಡೆಯದೆ, ಸಹಜವಾಗಿ ಒಂದು ಮಾತು ಹೇಳಿದರೆ ತಪ್ಪಿಲ್ಲ. ವಾರವಾರವೂ ಹತ್ತು ಜನರಿಗೆ ಅರ್ಜಿ ತುಂಬಿಕೊಡುವುದು ಬೇರೆ. ಅದಕ್ಕಿಂತ ದೊಡ್ಡ ವಿಚಾರ ಎಂದರೆ, ವೀಸಾದಲ್ಲಿ ಒಂದು ತಪ್ಪು ಸಲಹೆ ಒಂದು ಸಂಸಾರವನ್ನೇ ವಾಪಸು ಕಳಿಸಬಹುದು. ಹಾಗಾಗಿ ಅಂಕಲ್‌ಗೆ ಹೇಳಬೇಕಾದದ್ದು: "ಅಂಕಲ್, ನನಗೆ ಇನ್ನೂ ಹೇಳುವ ಅಧಿಕಾರ ಇಲ್ಲ. ಕಮ್ಯುನಿಟಿ ಲಾದಲ್ಲಿ ದುಡ್ಡಿಲ್ಲದೆ ಕೇಳಬಹುದು, ಫೋನ್ ನಂಬರ್ ಹುಡುಕಿ ಕೊಡ್ತೀನಿ." ಇದು ಜಾರಿಕೊಳ್ಳುವ ಮಾತಲ್ಲ. ಸರಿಯಾದ ಬಾಗಿಲು ತೋರಿಸುವುದೂ ಸಹಾಯವೇ.

ಲಾಯರ್ ಆದ ಮೇಲೆ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಗಳು ಬರುತ್ತವೆ. ಮೈಸೂರಿನ ಸೈಟು ಮಾರಿ ಅಪ್ಪ ಅಮ್ಮ ಮಗನ ಮನೆಗೆ ಮುಂಗಡ ಕೊಟ್ಟರು ಎನ್ನಿ. ಅದು ಉಡುಗೊರೆಯೋ ಸಾಲವೋ, ಯಾರೂ ಬರೆದಿಡಲಿಲ್ಲ. 1976ರ ಪ್ರಾಪರ್ಟಿ (ರಿಲೇಷನ್‌ಶಿಪ್ಸ್) ಆಕ್ಟ್ ಪ್ರಕಾರ ಮೂರು ವರ್ಷ ಒಟ್ಟಿಗೆ ಬಾಳಿದವರು ಬೇರೆಯಾದರೆ ಸಂಸಾರದ ಮನೆ ಸಾಮಾನ್ಯವಾಗಿ ಸಮಪಾಲು. ಬೇರೆ ರೀತಿ ಬೇಕೆಂದರೆ ಗಂಡ ಹೆಂಡತಿ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಬೇಕು, ಇಬ್ಬರಿಗೂ ಬೇರೆ ಬೇರೆ ಲಾಯರ್ ಸಲಹೆ ಕೊಟ್ಟಿರಬೇಕು. ಆಗ ಮನೆಯವರು ನಿಮಗೆ ಹೇಳುತ್ತಾರೆ: "ನೀನೇ ಇದೀಯಲ್ಲ, ಎಲ್ಲರದ್ದೂ ನೀನೇ ನೋಡು." ಆಗುವುದಿಲ್ಲ. ಅತ್ತೆ ಮಾವನ ಹಣ ಕಾಯುವವರೇ ಸೊಸೆಯ ಹಕ್ಕನ್ನೂ ಹೇಗೆ ಕಾಯುತ್ತಾರೆ? ಒಬ್ಬರ ಪರ ನಿಂತರೆ ಇನ್ನೊಬ್ಬರನ್ನು ಬೇರೆ ಲಾಯರ್ ಹತ್ತಿರ ಕಳಿಸಬೇಕು. "ಇಲ್ಲ" ಎಂದದ್ದಕ್ಕೆ ಒಂದಷ್ಟು ದಿನ ಮಾತು ಬಿಡಬಹುದು. ಆ ನಿಯಮ ಇರುವುದು ಆ ಸೊಸೆಯಂಥವರಿಗೆ, ಈ ದೇಶದಲ್ಲಿ ತವರು ದೂರ ಇರುವವರಿಗೆ.

ಇನ್ನೊಂದು, ಗುಟ್ಟು. ನಮ್ಮ ಸಮಾಜ ಇಲ್ಲಿ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಕಕ್ಷಿದಾರರು ಹೇಳಿದ್ದನ್ನು ಅಮ್ಮನಿಗೂ ಹೇಳುವಂತಿಲ್ಲ. ಗಣೇಶನ ಹಬ್ಬದಲ್ಲಿ ಅವರು ಎದುರಾದರೆ, ಅವರು ನಿಮ್ಮ ಕಚೇರಿಗೆ ಬಂದಿದ್ದರು ಎಂಬುದೂ ನಿಮ್ಮ ಮುಖದಲ್ಲಿ ಕಾಣಬಾರದು. ನಮ್ಮವರು ಎಷ್ಟೋ ಜನ ಕಷ್ಟ ಬಂದಾಗ ನಮ್ಮವರ ಹತ್ತಿರ ಹೋಗದಿರುವುದು ಈ ಭಯಕ್ಕೇ. ಕನ್ನಡ ಬಲ್ಲ, ಬಾಯಿ ಬಿಡದ ಒಬ್ಬ ಲಾಯರ್ ಇದ್ದಾರೆ ಎಂಬ ನಂಬಿಕೆ ಹುಟ್ಟಿದರೆ ಅದೇ ದೊಡ್ಡ ಸೇವೆ.

ನಿಮಗಿಂತ ಮೊದಲು ಬಂದವರು

ಎಥೆಲ್ ಬೆಂಜಮಿನ್ ಹುಟ್ಟಿದ್ದು 1875ರಲ್ಲಿ, ಡನೀಡಿನ್‌ನಲ್ಲಿ. ಇಂಗ್ಲೆಂಡಿನಿಂದ ವಲಸೆ ಬಂದ ಯಹೂದಿ ತಂದೆ ತಾಯಿಯ ಮಗಳು, ಅಂದರೆ ನಿಮ್ಮ ಹಾಗೆ ಎರಡನೆಯ ತಲೆಮಾರು. 1893ರಲ್ಲಿ ಒಟಾಗೊದಲ್ಲಿ ಕಾನೂನು ಓದಲು ಸೇರಿದಾಗ ಹೆಂಗಸರು ಲಾಯರ್ ಆಗಲು ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ. ಮುಂದೊಂದು ದಿನ ಬಾಗಿಲು ತೆರೆಯುತ್ತದೆ ಎಂದು ನಂಬಿ ಓದಿದರು. 1896ರಲ್ಲಿ ಕಾನೂನು ಬದಲಾಯಿತು, 1897ರ ಮೇ 10ರಂದು ಅವರು ನ್ಯೂಜಿಲೆಂಡಿನ ಮೊದಲ ಮಹಿಳಾ ಲಾಯರ್ ಆದರು. ಅಲ್ಲಿನ ವಕೀಲರ ಸಂಘ ಅವರನ್ನು ಔತಣಗಳಿಗೆ ಕರೆಯಲಿಲ್ಲ, ಗ್ರಂಥಾಲಯದಲ್ಲೂ ಅಡ್ಡಿ ಮಾಡಿತು. ಅವರು ಸ್ವಂತ ಕಚೇರಿ ತೆರೆದು ಕೆಲಸ ಮಾಡಿದರು.

ಸರ್ ಆನಂದ್ ಸತ್ಯಾನಂದ್ ಹುಟ್ಟಿದ್ದು 1944ರಲ್ಲಿ ಆಕ್ಲೆಂಡಿನಲ್ಲಿ. ತಂದೆ ತಾಯಿ ಫಿಜಿಯವರು, ಅವರ ಹಿರಿಯರು ಭಾರತದಿಂದ ಫಿಜಿಗೆ ಹೋದವರು. 1970ರಲ್ಲಿ ಆಕ್ಲೆಂಡಿನಲ್ಲಿ ಕಾನೂನು ಪದವಿ ಪಡೆದು ವಕೀಲಿ ಮಾಡಿದರು, 1982ರಲ್ಲಿ ಡಿಸ್ಟ್ರಿಕ್ಟ್ ಕೋರ್ಟಿನ ನ್ಯಾಯಾಧೀಶರಾದರು, ಆಮೇಲೆ ಓಂಬುಡ್ಸ್‌ಮನ್, 2006ರಿಂದ 2011ರವರೆಗೆ ದೇಶದ ಗವರ್ನರ್ ಜನರಲ್. ನಮ್ಮಂಥ ಹೆಸರು ಇಟ್ಟುಕೊಂಡು ಇಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂದು ಕೇಳುವವರಿಗೆ ಇದು ಸಾಕು.

ಎರಡು ಲೋಕ ತಿಳಿದವರ ಬಲ

2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪೀಟರ್ ಎಲ್ಲಿಸ್ ಎಂಬವರ ಮೇಲಿದ್ದ ಶಿಕ್ಷೆಗಳನ್ನು ರದ್ದು ಮಾಡಿತು. ಅಷ್ಟರಲ್ಲಿ ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಸತ್ತವರ ಮೇಲ್ಮನವಿಯನ್ನು ಮುಂದುವರಿಸಬಹುದೇ ಎಂಬ ಪ್ರಶ್ನೆ ಬಂದಾಗ ನ್ಯಾಯಾಧೀಶರು ಮಾವೊರಿಗಳ ಟಿಕಂಗ, ಅಂದರೆ ಅವರ ನಡೆನುಡಿಯ ಕಟ್ಟಳೆಯನ್ನೂ ಗಣನೆಗೆ ತೆಗೆದುಕೊಂಡರು. ಮನುಷ್ಯ ಸತ್ತರೂ ಅವನ ಮನ, ಎಂದರೆ ಅವನ ಘನತೆ, ಸಾಯುವುದಿಲ್ಲ. ಅದು ಅವನ ಕುಟುಂಬಕ್ಕೂ ಸೇರಿದ್ದು. ಟಿಕಂಗ ಈ ದೇಶದ ಕಾನೂನಿನಲ್ಲಿ ಸ್ಥಾನ ಪಡೆದಿದೆ ಎಂದು ಆ ಪ್ರಕರಣದಲ್ಲಿ ಕೋರ್ಟ್ ಸ್ಪಷ್ಟವಾಗಿ ಹೇಳಿತು.

ವರ್ಷಕ್ಕೊಮ್ಮೆ ಹಿರಿಯರ ಹೆಸರು ಹೇಳಿ ಎಡೆ ಇಡುವ ಮನೆಯಲ್ಲಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಒಂದು ಭಾಷೆ, ಹೊರಗೆ ಒಂದು ಭಾಷೆ ಎಂದು ಬೆಳೆದದ್ದು ನಿಮಗೆ ಕೆಲವೊಮ್ಮೆ ಹೊರೆ ಅನ್ನಿಸಿರಬಹುದು. ಈ ವೃತ್ತಿಯಲ್ಲಿ ಅದೇ ಬಂಡವಾಳ.

ಇವತ್ತಿನಿಂದ ಏನು ಮಾಡಬಹುದು

ಹತ್ತಿರದ ಡಿಸ್ಟ್ರಿಕ್ಟ್ ಕೋರ್ಟಿಗೆ ಒಂದು ಬೆಳಿಗ್ಗೆ ಹೋಗಿ ಹಿಂದೆ ಸುಮ್ಮನೆ ಕೂತು ನೋಡಿ. ಹೆಚ್ಚಿನ ಕ್ರಿಮಿನಲ್ ಕಲಾಪಗಳು ಎಲ್ಲರಿಗೂ ತೆರೆದಿರುತ್ತವೆ. ಕಮ್ಯುನಿಟಿ ಲಾದಲ್ಲೋ ಸಿಟಿಜನ್ಸ್ ಅಡ್ವೈಸ್ ಬ್ಯೂರೋದಲ್ಲೋ ಸ್ವಯಂಸೇವಕರಾಗಲು ಕೇಳಿ. ನಿಮ್ಮ ಕನ್ನಡವನ್ನು ಬಿಡಬೇಡಿ. ಬಾಡಿಗೆ, ಸಂಬಳ, ಜಾಮೀನು, ವಿಚ್ಛೇದನ ಎಂಬ ಮಾತುಗಳನ್ನು ಒಬ್ಬ ಹೆದರಿದ ತಾಯಿಗೆ ಅವಳ ಭಾಷೆಯಲ್ಲಿ ಹೇಳಲು ಬಂದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

"ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದಾರೆ. ಅಲೆದು ಅಲೆದು ಬೇಸತ್ತವರ ಮಾತು ಅದು. ನೀವು ಒಳ್ಳೆಯ ಲಾಯರ್ ಆದರೆ ಎಷ್ಟೋ ಜನರನ್ನು ಕೋರ್ಟಿನ ಮೆಟ್ಟಿಲು ಹತ್ತದಂತೆಯೇ ಕಾಯಬಹುದು, ಹತ್ತಲೇಬೇಕಾದವರ ಜೊತೆ ಮೇಲಿನವರೆಗೂ ನಡೆಯಬಹುದು. ಓದು ಕೈ ಹಿಡಿಯಲಿ. ಶುಭವಾಗಲಿ.